ಬಡ್ತಿ ಮೂರನೆಯ ಬಾರಿಯೂ ಕೈತಪ್ಪಿತು, ಏನು ಮಾಡಲಿ?

ಪ್ರಶ್ನೆ: ನಾನು ಹಾಸನದ ಕಡೆಯವಳು. ನ್ಯೂಜೆರ್ಸಿಯ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮ್ಯಾನೇಜರ್ ಹುದ್ದೆ ಮೂರನೆಯ ಬಾರಿಯೂ ಕೈತಪ್ಪಿದೆ. ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲವಾದರೂ ಮುಂದಾಳಿನ ಗತ್ತು ಕಾಣುತ್ತಿಲ್ಲ ಎಂದು ಮೇಲಧಿಕಾರಿ ಹೇಳಿದರು. ಪಕ್ಕದಲ್ಲೇ ಕೂರುವ ಆಫ್ರಿಕನ್ ಅಮೆರಿಕನ್ ಸಹೋದ್ಯೋಗಿಗೆ ಮಾತು ಬಿರುಸಾಯಿತು ಎಂಬ ಕಾರಣ ಕೊಟ್ಟರಂತೆ. ನಾನು ಸ್ವಭಾವವನ್ನೇ ಬದಲಿಸಿಕೊಳ್ಳಬೇಕೆ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ, ಮನಸ್ಸಿಗೆ ನೋವಾಯಿತು. ಒಬ್ಬರು ಮೆದುವೆಂದೂ ಇನ್ನೊಬ್ಬರು ಬಿರುಸೆಂದೂ ಇಬ್ಬರನ್ನೂ ಒಂದೇ ಬಾಗಿಲಿನ ಹೊರಗೆ ನಿಲ್ಲಿಸಿದ್ದಾರೆಂದರೆ, ಅನುಮಾನಿಸಬೇಕಾದದ್ದು ಆ ಅಳತೆಗೋಲನ್ನೇ. ವ್ಯವಹಾರ ಸಲಹಾ ಸಂಸ್ಥೆ ಮೆಕಿನ್ಸೆ ಮತ್ತು ಉದ್ಯೋಗಸ್ಥ ಮಹಿಳೆಯರಿಗಾಗಿ ದುಡಿಯುವ ಲೀನ್‌ಇನ್ ಸಂಸ್ಥೆಯ 2024ರ ವರದಿಯಂತೆ, ಅಮೆರಿಕದ ಕಂಪನಿಗಳಲ್ಲಿ 100 ಪುರುಷರು ಮೊದಲ ಹಂತದ ಮ್ಯಾನೇಜರ್ ಹುದ್ದೆಗೆ ಏರುವಲ್ಲಿ ಮಹಿಳೆಯರು 81 ಮಂದಿ, ಕಪ್ಪು ಮಹಿಳೆಯರು 54 ಮಂದಿ ಮಾತ್ರ. ಏಷ್ಯಾ ಮೂಲದ ಮಹಿಳೆಯರಿಗೆ ಆ ಮೊದಲ ಮೆಟ್ಟಿಲು ಅಷ್ಟು ಕಡಿದಲ್ಲ. ಆದರೆ ಅತ್ಯುನ್ನತ ಹುದ್ದೆಗಳನ್ನು ನೋಡಿದರೆ, ಬಿಳಿಯರಲ್ಲದ ಮಹಿಳೆಯರೆಲ್ಲ ಸೇರಿಯೂ ಶೇಕಡಾ 7ರಷ್ಟೇ ಇದ್ದಾರೆ.

ತಲೆ ತಗ್ಗಿಸಿ ದುಡಿದರೆ ಹಿರಿಯರು ತಾವಾಗಿಯೇ ಗುರುತಿಸುತ್ತಾರೆ ಎಂದು ನಮ್ಮ ಮನೆಗಳಲ್ಲಿ ಕಲಿಸಿದರು. ನಾನೂ ಅದನ್ನೇ ನಂಬಿದ್ದೆ. ನಾನಿದ್ದ ಕಚೇರಿಯಲ್ಲಿ ಸಭೆಯ ನಡಾವಳಿ ಬರೆಯುವ ಕೆಲಸ ವರ್ಷಗಟ್ಟಲೆ ನನ್ನ ಪಾಲಿಗೇ ಬರುತ್ತಿತ್ತು. ಬರೆದು ಮುಗಿಸಿ ತಲೆಯೆತ್ತುವಷ್ಟರಲ್ಲಿ ನಾನು ಹೇಳಬೇಕೆಂದಿದ್ದ ವಿಷಯವನ್ನು ದಾಟಿ ಚರ್ಚೆ ಮುಂದೆ ಹೋಗಿರುತ್ತಿತ್ತು. ಅಂಥ ಕೆಲಸ ನಿಮ್ಮ ಮೇಲಿದ್ದರೆ, ಸರದಿಯಂತೆ ಎಲ್ಲರೂ ಮಾಡಲಿ ಎಂದು ಈ ವಾರವೇ ಕೇಳಿ.

ಬಡ್ತಿ ತೀರ್ಮಾನವಾಗುವುದು ನೀವಿಲ್ಲದ ಕೋಣೆಯಲ್ಲಿ. ಅಲ್ಲಿ ನಿಮ್ಮ ಹೆಸರೆತ್ತಿ ವಾದಿಸುವವರು ಯಾರು? ಬುದ್ಧಿ ಹೇಳುವ ಹಿತೈಷಿಗಳು ಬಹಳ ಮಂದಿ ಸಿಗುತ್ತಾರೆ, ತಮ್ಮ ಮಾತಿನ ತೂಕವನ್ನು ನಿಮಗಾಗಿ ಬಳಸುವವರು ಅಪರೂಪ. ನ್ಯೂಯಾರ್ಕಿನ ಬಡವರ ವಸತಿಯಲ್ಲಿ, ಪನಾಮಾದಿಂದ ಬಂದ ತಾಯಿಯೊಬ್ಬರ ಆರೈಕೆಯಲ್ಲಿ ಬೆಳೆದ ಅರ್ಸುಲಾ ಬರ್ನ್ಸ್ ಅವರ ಬದುಕಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅವರು 1980ರಲ್ಲಿ ನಕಲು ಯಂತ್ರಗಳಿಗೆ ಹೆಸರಾದ ಜೆರಾಕ್ಸ್ ಕಂಪನಿಗೆ ಬೇಸಿಗೆಯ ತರಬೇತಿಗೆಂದು ಸೇರಿದವರು. ಆ ದಶಕದ ಕೊನೆಯ ಸಭೆಯೊಂದರಲ್ಲಿ, ಎಲ್ಲ ಜನಾಂಗದವರನ್ನೂ ಸೇರಿಸಿಕೊಂಡರೆ ಗುಣಮಟ್ಟ ಇಳಿಯುವುದಿಲ್ಲವೇ ಎಂದು ಯಾರೋ ಕೇಳಿದಾಗ, ಹಿರಿಯ ಅಧಿಕಾರಿ ವೇಯ್ಲೆಂಡ್ ಹಿಕ್ಸ್ ಅದನ್ನು ಖಂಡಿಸದೆ ಸೌಮ್ಯವಾಗಿ ಉತ್ತರಿಸಿದ್ದು ಬರ್ನ್ಸ್‌ಗೆ ಸಹನೆಯಾಗಲಿಲ್ಲ. ಅವರೊಂದಿಗೆ ನೇರವಾಗಿಯೇ ವಾದಿಸಿದರು. ಆದರೂ ಹಿಕ್ಸ್ ಬರ್ನ್ಸ್‌ರನ್ನು ದೂರವಿಡಲಿಲ್ಲ. ಆಗಾಗ ಕರೆದು ಮಾತನಾಡಿಸಿ, 1990ರಲ್ಲಿ ತಮ್ಮ ಕಾರ್ಯನಿರ್ವಾಹಕ ಸಹಾಯಕಿಯನ್ನಾಗಿ ಮಾಡಿಕೊಂಡರು. 2009ರಲ್ಲಿ ಬರ್ನ್ಸ್ ಅದೇ ಕಂಪನಿಯ ಮುಖ್ಯಸ್ಥೆಯಾದರು. ಅಮೆರಿಕದ 500 ಅತಿದೊಡ್ಡ ಕಂಪನಿಗಳ ಪಟ್ಟಿಯಾದ ಫಾರ್ಚೂನ್ 500ರ ಕಂಪನಿಯೊಂದನ್ನು ಮುನ್ನಡೆಸಿದ ಮೊದಲ ಕಪ್ಪು ಮಹಿಳೆ ಅವರು. ಎಲ್ಲ ಮೇಲಧಿಕಾರಿಗಳೂ ಹಿಕ್ಸ್‌ರಂತೆ ನಡೆದುಕೊಳ್ಳುತ್ತಾರೆಂದು ಹೇಳಲಾರೆ. ಆದ್ದರಿಂದಲೇ ನಿಮ್ಮ ವಿಭಾಗದ ಹೊರಗಿನ ಒಬ್ಬ ಹಿರಿಯರಾದರೂ ನಿಮ್ಮ ಕೆಲಸವನ್ನು ಕಣ್ಣಾರೆ ಕಾಣುವಂತಾಗಲಿ. ಅವರನ್ನು ಭೇಟಿಯಾಗಿ, ಮುಂದಿನ ಬಾರಿ ನನ್ನ ಹೆಸರನ್ನು ಸೂಚಿಸುವಿರಾ ಎಂದು ಬಾಯಿಬಿಟ್ಟು ಕೇಳಿ.

ಮೇಲಧಿಕಾರಿಯ ಹತ್ತಿರ 'ಗತ್ತು' ಎಂದರೇನೆಂದು ವಿವರ ಕೇಳಿ, ಯಾವ ಕೆಲಸ, ಎಷ್ಟು ತಿಂಗಳಲ್ಲಿ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಗ್ರೀನ್ ಕಾರ್ಡ್ ಇನ್ನೂ ಬಂದಿರದಿದ್ದರೆ, ಕೆಲಸದ ಸ್ವರೂಪ ಬದಲಾದಾಗ ಅರ್ಜಿಯ ಕೆಲವು ಹಂತಗಳನ್ನು ಮತ್ತೆ ಮಾಡಬೇಕಾಗಬಹುದು. ಹುದ್ದೆ ಒಪ್ಪುವ ಮೊದಲು ವಕೀಲರನ್ನು ಕೇಳಿ, ಆದರೆ ಆ ಭಯಕ್ಕೆ ಹುದ್ದೆಯನ್ನೇ ಕೇಳದೆ ಇರಬೇಡಿ. ತಾರತಮ್ಯ ನಡೆದಿದೆ ಎನ್ನಲು ಆಧಾರವಿದ್ದರೆ, 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು ನಿಮ್ಮ ರಾಜ್ಯದಲ್ಲಿ 300 ದಿನಗಳ ಗಡುವಿದೆ.

ಆ ಸಹೋದ್ಯೋಗಿಯೊಂದಿಗೆ ಕೂತು ಇಬ್ಬರಿಗೂ ಬಂದಿರುವ ವಾರ್ಷಿಕ ವಿಮರ್ಶೆಗಳನ್ನು ಒಟ್ಟಿಗೆ ಓದಿ. ಮುಂದಿನ ಸಭೆಯಲ್ಲಿ ಅವರು ಹೇಳಿದ್ದನ್ನು ಮತ್ತೊಬ್ಬರು ತಮ್ಮದೆಂಬಂತೆ ಎತ್ತಿಕೊಂಡರೆ, ಇದನ್ನು ಮೊದಲು ಹೇಳಿದವರು ಅವರೇ ಎಂದು ಹೆಸರು ಹಿಡಿದು ಹೇಳಿ. ನಿಮಗೂ ಹಾಗೆಯೇ ಮಾಡುವಂತೆ ಅವರನ್ನು ಕೇಳಿಕೊಳ್ಳಿ.