ಕಿವಿಯ ಮಾತು ನಿಂತಿದೆ, ಆದರೂ ತಮ್ಮ ಕೋಣೆಯಿಂದ ಹೊರಬರುತ್ತಿಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ತಪ್ಪಿಸುವುದಿಲ್ಲ, ಕಿವಿಯಲ್ಲಿ ಕೇಳಿಸುತ್ತಿದ್ದ ಮಾತುಗಳು ಬಹುಪಾಲು ನಿಂತಿವೆ. ಆದರೂ ದಿನವಿಡೀ ಕೋಣೆಯಲ್ಲೇ ಇರುತ್ತಾನೆ. ಕೆಲಸಕ್ಕೆ ಅರ್ಜಿ ಹಾಕು ಎಂದರೆ ‘ನನಗೆ ಯಾರು ಕೊಡ್ತಾರೆ’ ಅಂತಾನೆ. ಮೊನ್ನೆ ವೈದ್ಯರು ‘ಇವರ ಅಗತ್ಯಗಳೇನು ನೋಡೋಣ’ ಎಂದು ಅವನನ್ನೂ ಅಮ್ಮನನ್ನೂ ಬೇರೆ ಬೇರೆ ಕೂರಿಸಿ ಅವೇ ಪ್ರಶ್ನೆ ಕೇಳಿದರು. ಊಟ, ಬಟ್ಟೆ, ಔಷಧ ಎಲ್ಲ ನಾವೇ ನೋಡಿಕೊಳ್ಳುತ್ತಿರುವಾಗ ಇನ್ನೇನು ಅಗತ್ಯ? ನೆಂಟರಿಗೆ ವಿಷಯ ಹೇಳಬೇಕೋ ಬೇಡವೋ ಎಂಬುದೂ ತಿಳಿಯುತ್ತಿಲ್ಲ.

ಉತ್ತರ: ವೈದ್ಯರು ಮಾಡಿದ್ದು ಸರಿ. ಅಮ್ಮನ ಉತ್ತರಕ್ಕೂ ಮಗನ ಉತ್ತರಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ನಮಗೆ ಬೇಕಾದ ಮಾಹಿತಿ ಅಲ್ಲೇ ಇರುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಯಾಂಬರ್‌ವೆಲ್ ಎಂಬ ಹೆಸರಿನ ಪ್ರಶ್ನಾವಳಿ. ಲಂಡನ್ನಿನಲ್ಲಿ ರೂಪುಗೊಂಡು 1995ರಲ್ಲಿ ಪ್ರಕಟವಾದದ್ದು. ವಸತಿ, ಊಟ, ಮೈಕೈ ಸ್ವಚ್ಛತೆಯಿಂದ ಹಿಡಿದು ಹಣ, ಓಡಾಟ, ಒಡನಾಟ, ಲೈಂಗಿಕ ಬದುಕಿನವರೆಗೆ 22 ವಿಷಯಗಳಿವೆ. ಒಂದೊಂದಕ್ಕೂ ಮುಖ್ಯವಾಗಿ ಮೂರು ಉತ್ತರ: ‘ತೊಂದರೆ ಇಲ್ಲ’, ‘ತೊಂದರೆ ಇದೆ, ಆದರೆ ನೆರವು ಸಿಗುತ್ತಿದೆ’, ‘ತೊಂದರೆ ಹಾಗೇ ಉಳಿದಿದೆ’.

ನೀವು ಹೇಳಿದ ಊಟ, ಬಟ್ಟೆ, ಔಷಧ ಎರಡನೆಯ ಸಾಲಿಗೆ ಹೋಗುತ್ತವೆ. ಮೂರನೆಯದರಲ್ಲಿ ಸಾಮಾನ್ಯವಾಗಿ ಉಳಿಯುವುದು ಹಗಲು ಕಳೆಯುವ ದಾರಿ, ಜೊತೆಗೊಬ್ಬರು, ಆಪ್ತ ಸಂಬಂಧ. ಮನೆಯವರು ಇವನ್ನು ಅಗತ್ಯದ ಲೆಕ್ಕಕ್ಕೇ ಹಿಡಿಯುವುದಿಲ್ಲ, ‘ಮೊದಲು ಪೂರ್ತಿ ಹುಷಾರಾಗಲಿ’ ಎನ್ನುತ್ತಾರೆ. ನಾವು ವೈದ್ಯರೂ ಕಡಿಮೆಯೇನಲ್ಲ, ಮಾತ್ರೆ ಮತ್ತು ನಿದ್ದೆಯ ಬಗ್ಗೆ ಕೇಳಿ ಮುಗಿಸಿಬಿಡುತ್ತೇವೆ. ಆದರೆ ಬದುಕು ಎಷ್ಟು ಸಹನೀಯ ಎನ್ನುವುದರ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡಿರುವುದು ರೋಗಿ ತಾನೇ ‘ಇದು ಸಿಕ್ಕಿಲ್ಲ’ ಎಂದು ಹೇಳಿದ ಅಗತ್ಯಗಳು. ಆ 22 ವಿಷಯಗಳ ಪಟ್ಟಿಯಲ್ಲಿ ಉದ್ಯೋಗಕ್ಕೆ ಪ್ರತ್ಯೇಕ ತಲೆಬರಹವಿಲ್ಲ, ಹಗಲಿನ ಚಟುವಟಿಕೆಯೊಳಗೆ ಸೇರಿಸಿಬಿಟ್ಟಿದ್ದಾರೆ. ನನಗಿದು ಕೊರತೆಯೆಂದೇ ಅನಿಸುತ್ತದೆ. ಕೆಲಸದ ಬಗ್ಗೆ ಬೇರೆಯಾಗಿಯೇ ಕೇಳಬೇಕು.

ಇನ್ನು ಆ ಕೋಣೆಯ ವಿಷಯ. ಹೊರಗೆ ಬಾರದಿರಲು ಕಾರಣ ಒಂದೇ ಇರಬೇಕೆಂದಿಲ್ಲ. ಉತ್ಸಾಹವನ್ನೇ ಬತ್ತಿಸುವುದು ಈ ಕಾಯಿಲೆಯ ಇನ್ನೊಂದು ಮುಖ. ಅದನ್ನು ಸೋಮಾರಿತನವೆಂದು ಬೈಯುವ ಮನೆಗಳೇ ಹೆಚ್ಚು. ಖಿನ್ನತೆ ಇರಬಹುದು. ಮಾತ್ರೆಯ ಮಂಪರು ಇರಬಹುದು, ಹಾಗಿದ್ದರೆ ವೈದ್ಯರೇ ಪ್ರಮಾಣ ಬದಲಿಸಬೇಕು, ನೀವಾಗಿ ನಿಲ್ಲಿಸಬೇಡಿ. ನಾಲ್ಕನೆಯ ಕಾರಣ ಕಳಂಕದ ಭಯ. ‘ನಿನ್ನ ಕಾಯಿಲೆಯ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೋ, ಆಗ ಹೋಗ್ತಿದ್ದೆಯಾ?’ ಎಂದು ಒಮ್ಮೆ ಕೇಳಿ ನೋಡಿ. ‘ಹೋಗ್ತಿದ್ದೆ’ ಎಂದರೆ ತಡೆಯುತ್ತಿರುವುದು ಉತ್ಸಾಹದ ಕೊರತೆಯೊಂದೇ ಅಲ್ಲ.

‘ನನಗೆ ಯಾರು ಕೊಡ್ತಾರೆ’ ಎಂಬ ಮಾತು ನಿಮ್ಮ ತಮ್ಮನೊಬ್ಬನದಲ್ಲ. 27 ದೇಶಗಳಲ್ಲಿ ಈ ಕಾಯಿಲೆಯಿರುವ 732 ಮಂದಿಯನ್ನು ಮಾತನಾಡಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವಮಾನವಾದೀತೆಂದು ಕೆಲಸಕ್ಕೋ ಓದಿಗೋ ತರಬೇತಿಗೋ ಅರ್ಜಿ ಹಾಕುವುದನ್ನೇ ಬಿಟ್ಟವರು 64%. ಕಾಯಿಲೆಯನ್ನು ಮುಚ್ಚಿಡಬೇಕೆನಿಸುತ್ತದೆ ಎಂದವರು 72%. ಕೆಲಸ ಹುಡುಕುವಾಗ ನಿಜಕ್ಕೂ ತಾರತಮ್ಯ ಅನುಭವಿಸಿದವರು 29%. ಭಯ ಆಧಾರವಿಲ್ಲದ್ದೇನಲ್ಲ, ಆದರೆ ಅನುಭವಕ್ಕಿಂತ ಬಹಳ ಮುಂದೆ ಓಡುತ್ತದೆ. ಅದೇ ಅಧ್ಯಯನದಲ್ಲಿ 43% ಮಂದಿ ತಾರತಮ್ಯ ಮಾಡಿದವರು ಮನೆಯವರೇ ಎಂದರು. ಮನೆಯಲ್ಲಿ ಅದು ಬೈಗುಳವಾಗಿಯೇ ಬರಬೇಕೆಂದಿಲ್ಲ. ಅವನೆದುರೇ ಅವನ ಬಗ್ಗೆ ಮಾತಾಡುವುದು, ಮನೆಯ ತೀರ್ಮಾನಗಳಲ್ಲಿ ಅವನನ್ನು ಕೇಳದಿರುವುದು, ದುಡ್ಡು ಕೈಗೆ ಕೊಡದಿರುವುದು ಇವೆಲ್ಲ ಅವನಿಗೆ ‘ನೀನು ಲೆಕ್ಕಕ್ಕಿಲ್ಲ’ ಎಂದೇ ಕೇಳಿಸುತ್ತವೆ. ಹಾಗೆ ಕೇಳಿ ಕೇಳಿ ಅವನೂ ಅದನ್ನೇ ನಂಬುತ್ತಾನೆ. ಈ ಒಳಗಿನ ಕಳಂಕವನ್ನು ಅಳೆಯಲು 29 ಹೇಳಿಕೆಗಳ ಬೇರೆ ಪ್ರಶ್ನಾವಳಿಯಿದೆ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಅದರ ಬಗ್ಗೆ ಕೇಳಿ.

ಕೆಲಸದ ಮಟ್ಟಿಗೆ, ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವುದಕ್ಕಿಂತ ಅವನಿಗಿಷ್ಟವಾದ ನಿಜವಾದ ಕೆಲಸಕ್ಕೇ ಸೇರಿಸಿ, ಜೊತೆಯಲ್ಲೇ ಬೆಂಬಲ ಕೊಡುವ ಪದ್ಧತಿ ಹೆಚ್ಚು ಫಲ ಕೊಟ್ಟಿದೆ. ವಾರಕ್ಕೆ ಕೆಲವು ಗಂಟೆಗಳಿಂದಲೂ ಶುರುಮಾಡಬಹುದು.

ನೆಂಟರಿಗೆ ಹೇಳುವುದು ಬಿಡುವುದು ಅವನ ತೀರ್ಮಾನ, ನಿಮ್ಮದೂ ಅಲ್ಲ, ಅಮ್ಮನದೂ ಅಲ್ಲ. ಯಾರಿಗೆ, ಎಷ್ಟು ಹೇಳಬೇಕೆಂದು ಅವನ ಜೊತೆ ಕೂತು ಮಾತಾಡಿ, ಅವನು ಒಪ್ಪಿದ ಮಾತನ್ನೇ ಮನೆಯವರೆಲ್ಲ ಹೇಳಿ.

ಪ್ರಶ್ನೆ: ಸ್ಕಿಜೋಫ್ರೇನಿಯಾ ಇರುವ ಸಹೋದ್ಯೋಗಿಯೊಬ್ಬರು ನಮ್ಮ ವಿಭಾಗಕ್ಕೆ ಬರುತ್ತಿದ್ದಾರೆ. ಇಂಥವರು ಯಾವಾಗ ಕೈ ಎತ್ತುತ್ತಾರೋ ಎಂಬ ಹೆದರಿಕೆ. ಅದು ತಪ್ಪೇ?

ಉತ್ತರ: ಹೆದರಿಕೆ ಸಹಜ, ಆಧಾರ ಮಾತ್ರ ಸಾಲದು. ಇವರಲ್ಲಿ ಬಹುತೇಕರು ಯಾರ ಮೇಲೂ ಕೈ ಮಾಡಿದವರಲ್ಲ. ಹಿಂಸೆಗೆ ತಾವೇ ಗುರಿಯಾಗುವ ಸಾಧ್ಯತೆ ಹೆಚ್ಚು. ಅಪಾಯ ಏರುವುದು ಚಿಕಿತ್ಸೆ ಇಲ್ಲದಾಗ, ಅದರಲ್ಲೂ ಕುಡಿತ, ಮಾದಕ ವಸ್ತು ಸೇರಿಕೊಂಡಾಗ. ನಿಮ್ಮ ಸಹೋದ್ಯೋಗಿ ಕೆಲಸಕ್ಕೆ ಬರುವಷ್ಟು ಚೇತರಿಸಿಕೊಂಡಿದ್ದಾರೆ. ಕಾಯಿಲೆಯ ಬಗ್ಗೆ ವಿಚಾರಿಸಲು ಹೋಗಬೇಡಿ. ಬೇರೆ ಹೊಸಬರಿಗೆ ಕೆಲಸ ಹೇಳಿಕೊಡುವಂತೆಯೇ ಹೇಳಿಕೊಡಿ, ಊಟದ ಹೊತ್ತಿಗೆ ಕರೆಯಿರಿ. ಅವರು ಒಬ್ಬರೇ ಕೂರುತ್ತೇನೆ ಎಂದರೆ ಬಲವಂತ ಮಾಡಬೇಡಿ, ಮರುದಿನ ಮತ್ತೆ ಕರೆಯಿರಿ.