ಪ್ರತಿಕ್ರಿಯೆ: ಹೊಸದಾಗಿ ಬಂದಿರೋ ಎಐ ಲ್ಯಾಪ್‌ಟಾಪ್ ತಗೊಳ್ಲಾ, ಹಳೇದನ್ನೇ ಸರಿ ಮಾಡಿಸ್ಲಾ?
ನಿಮ್ಮ ಹಳೇ ಲ್ಯಾಪ್‌ಟಾಪ್ ಆನ್ ಆಗಕ್ಕೇ 5 ನಿಮಿಷ, ಹತ್ತು ಟ್ಯಾಬ್ ತೆಗೆದ್ರೆ ಹ್ಯಾಂಗು ಅಂದ್ರಲ್ಲ, ಅದು ಬಹುಶಃ ಪ್ರೊಸೆಸರ್ ತಪ್ಪಲ್ಲ, ಹಳೇ ಹಾರ್ಡ್‌ಡಿಸ್ಕು ಮತ್ತೆ 8 ಜಿಬಿ ರ‍್ಯಾಮ್ (ಕೆಲಸ ಮಾಡೋವಾಗ ಬಳಸೋ ಮೆಮೊರಿ) ಮಾಡ್ತಿರೋ ಕಿತಾಪತಿ. ಹೊಸದಕ್ಕೆ ಈಗ್ಲೇ ದುಡ್ಡು ಸುರೀಬೇಡಿ.

ಮೊದ್ಲು ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್ ನೋಡಿ, ಸುಮ್ನೆ ಇದ್ದಾಗ್ಲೂ ಡಿಸ್ಕ್ 100% ಅಂತ ಕೂತಿದ್ರೆ ಕಳ್ಳ ಸಿಕ್ದ ಅಂತಾನೇ ಲೆಕ್ಕ. ಅಲ್ಲೇ ಸಿಪಿಯು (ಅಂದ್ರೆ ಪ್ರೊಸೆಸರ್) ಹೆಸರೂ ಇರತ್ತೆ, ಐ5-8250 ಅನ್ನೋ ಥರ ಇದ್ರೆ ಆ ಮೊದಲ್ನೇ 8 ಅಂದ್ರೆ 8ನೇ ಜನರೇಷನ್. ಇದು ಮುಖ್ಯ, ಯಾಕಂದ್ರೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, ವಿಂಡೋಸ್ 11ಗೆ ಇಂಟೆಲ್ ಆದ್ರೆ ಹೆಚ್ಚೂಕಮ್ಮಿ 8ನೇ ಜನರೇಷನ್ನಿಂದ ಈಚೆಗಿಂದೇ ಬೇಕು.

8ನೇ ಜನರೇಷನ್ ಅಥವಾ ಮೇಲಿದ್ರೆ ಫೋಟೋ ಫೈಲು ಎಲ್ಲಾ ಬ್ಯಾಕಪ್ ತಗೊಂಡು ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ಹೋಗಿ (ಭಾನುವಾರ ಬೇಡ, ಸುಮಾರು ಅಂಗಡಿ ಬಾಗ್ಲು ಹಾಕಿರತ್ತೆ), ಹಾರ್ಡ್‌ಡಿಸ್ಕಿನ ಬದ್ಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 16 ಮಾಡ್ಸಿ. ಎದುರಿಗೇ ಕೂತು ಹಾಕಿಸ್ಕೊಳ್ಳಿ, ನಂಗೊಂದ್ಸಲ ಹೊಸದು ಅಂತ ಕೊಟ್ಟ ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿ ಮೇಲೆಲ್ಲ ಗೀರಿತ್ತು, ಅಂದ್ರೆ ಯಾರೋ ಬಳಸಿದ್ದು. ನಿಮ್ದರಲ್ಲಿ ಖಾಲಿ ಸ್ಲಾಟ್ ಇದ್ಯೋ, ಬೋರ್ಡಿಗೇ ಬೆಸುಗೆ ಹಾಕಿದಾರೋ ಅನ್ನೋದನ್ನ ಹಿಂದಿನ ಮುಚ್ಚಳ ಬಿಚ್ಚಿಸಿ ಮೊದ್ಲೇ ನೋಡ್ಕೊಳ್ಳಿ.

7ನೇ ಜನರೇಷನ್ ಅಥವಾ ಕೆಳಗಿದ್ರೆ ಮಾತ್ರ ಹೊಸದು ನೋಡಿ. ಆಗ 16 ಜಿಬಿಗಿಂತ ಕಮ್ಮಿ ಬೇಡ್ವೇ ಬೇಡ, ತೆಳ್ಳಗಿರೋ ಎಷ್ಟೋ ಮಾಡೆಲಲ್ಲಿ ಆಮೇಲೆ ಹೆಚ್ಚಿಸಕ್ಕಾಗಲ್ಲ, ಇಂಟೆಲ್ ಕೋರ್ ಅಲ್ಟ್ರಾ 200ವಿ ಸೀರೀಸಲ್ಲಂತೂ ರ‍್ಯಾಮು ಪ್ರೊಸೆಸರ್ ಜೊತೆಗೇ ಅಂಟ್ಕೊಂಡಿರತ್ತೆ.