ಓದುಗರ ಪ್ರಶ್ನೆ: ಹೊಸ ಕಾರಿನ ಜೊತೆಗೆ ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ನನ್ನ ಪತ್ನಿ ವೀಣಾವಾದಕಿ. ಕಛೇರಿಗಳಿಗಾಗಿ ಮೈಸೂರು, ಶಿವಮೊಗ್ಗ, ಉಡುಪಿಗಳಿಗೆ ವೀಣೆಯ ಪೆಟ್ಟಿಗೆ, ತಂಬೂರಿ ಮತ್ತು ಧ್ವನಿವರ್ಧಕದ ಸಾಮಾನುಗಳೊಡನೆ ಆಗಾಗ ಹೋಗಬೇಕಾಗುತ್ತದೆ. ಹಿಂದೆ ನಮ್ಮಲ್ಲಿ ಟಾಟಾ ಇಂಡಿಗೊ ಮರೀನಾ ಇತ್ತು. ಅಂಥ ಉದ್ದ ಡಿಕ್ಕಿಯ ಎಸ್ಟೇಟ್ ಕಾರು ಈಗ ನಮ್ಮ ಬಜೆಟ್ಟಿನಲ್ಲಿ ಸಿಗದ ಕಾರಣ, ಮೂರು ಸಾಲು ಸೀಟುಗಳ ಕಾರೊಂದನ್ನು ಕೊಂಡು, ಕೊನೆಯ ಸಾಲನ್ನು ಸದಾ ಮಡಚಿಟ್ಟು ಬಳಸಬೇಕೆಂದಿದ್ದೇವೆ. ಶೋರೂಮಿನವರು ಸನ್‌ರೂಫ್ ಇರುವ ಮೇಲಿನ ವೇರಿಯಂಟ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಜೊತೆಗೆ ಸೀಟ್ ಕವರ್, ಅಂಡರ್‌ಬಾಡಿ ಕೋಟಿಂಗ್, ಸೆರಾಮಿಕ್ ಕೋಟಿಂಗ್, ರಿವರ್ಸ್ ಸೆನ್ಸರ್, ರೂಫ್ ಕ್ಯಾರಿಯರ್ ಎಲ್ಲ ಸೇರಿಸಿ 45,000 ರೂಪಾಯಿಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ಇವುಗಳಲ್ಲಿ ಯಾವುದಕ್ಕೆ ಹಣ ಹಾಕುವುದು ಸಾರ್ಥಕ?
— ಬಸವನಗುಡಿಯ ಓದುಗರು

ಉತ್ತರ: ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. 1992ರಲ್ಲಿ ಬಂದ ಟಾಟಾ ಎಸ್ಟೇಟ್, ಆಮೇಲಿನ ಮಾರುತಿ ಬಲೆನೊ ಆಲ್ಟೂರಾ, ನಿಮ್ಮ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, ಇವು ಯಾವುವೂ ನಮ್ಮಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಉದ್ದ ಡಿಕ್ಕಿಯ ಕಾರನ್ನು ಕಂಡು ಆಂಬುಲೆನ್ಸ್ ಎಂದು ನಗುತ್ತಿದ್ದ ಜನರೇ ಇಂದು ಅದೇ ಉದ್ದದ ಕಾರನ್ನು ಎಸ್‌ಯುವಿ ಎಂಬ ಹೆಸರಿನಲ್ಲಿ ಕೊಳ್ಳುತ್ತಿದ್ದಾರೆ. ಇರಲಿ.

ಯಾವ ಸೌಲಭ್ಯವನ್ನು ಕಾರ್ಖಾನೆಯಲ್ಲಿ ಮಾತ್ರ ಅಳವಡಿಸಲು ಸಾಧ್ಯವೋ ಅದಕ್ಕೆ ಈಗಲೇ ಹಣ ಕೊಡಿ. ಯಾವುದನ್ನು ಆರು ತಿಂಗಳ ನಂತರ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹಾಕಿಸಿಕೊಳ್ಳಬಹುದೋ ಅದನ್ನು ಬುಕಿಂಗ್ ದಿನದ ಪಟ್ಟಿಯಿಂದ ತೆಗೆಸಿಬಿಡಿ. ಹೀಗೆ ವಿಂಗಡಿಸಲು ತೆರಿಗೆಯೂ ಒಂದು ಕಾರಣ. ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್, ಡೀಸೆಲ್ ಕಾರಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 40ರಷ್ಟು ಜಿಎಸ್‌ಟಿ ಇದೆ. ಮೇಲಿನ ವೇರಿಯಂಟಿನೊಳಗೆ ಸೇರಿಕೊಂಡು ಬರುವ ಪ್ರತಿಯೊಂದು ಸೌಲಭ್ಯವೂ ಅಷ್ಟೇ ತೆರಿಗೆಯನ್ನು ಹೊತ್ತು ಬರುತ್ತದೆ. ಪ್ರತ್ಯೇಕವಾಗಿ ಕೊಂಡ ಕಾರಿನ ಬಿಡಿಭಾಗಗಳಿಗಾದರೆ ಶೇ. 18 ಮಾತ್ರ.

ಇದಕ್ಕಿಂತ ದೊಡ್ಡ ಲೆಕ್ಕ ನಮ್ಮ ರಾಜ್ಯದ ಆಜೀವ ತೆರಿಗೆಯದು. ಕರ್ನಾಟಕದಲ್ಲಿ ಕಾರಿನ ಬೆಲೆ 5 ಲಕ್ಷದಿಂದ 10 ಲಕ್ಷದವರೆಗೆ ಇದ್ದರೆ ಶೇ. 14, 10 ಲಕ್ಷ ದಾಟಿ 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18 ತೆರಿಗೆ; ಆ ತೆರಿಗೆಯ ಮೇಲೆ ಸೆಸ್ ಬೇರೆ. ಹೆಚ್ಚಿನ ದರ ಗೆರೆ ದಾಟಿದ ಮೊತ್ತಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ ಅನ್ವಯಿಸುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಉದಾಹರಣೆಗೆ ಎಕ್ಸ್-ಶೋರೂಮ್ ಬೆಲೆ 9.9 ಲಕ್ಷವಿರುವ ವೇರಿಯಂಟಿಗೆ ತೆರಿಗೆ 1,38,600 ರೂಪಾಯಿ. ಅದಕ್ಕಿಂತ 50,000 ರೂಪಾಯಿ ಹೆಚ್ಚಿನದಕ್ಕೆ 1,76,800. ಅಂದರೆ 50,000 ರೂಪಾಯಿಯ ಸನ್‌ರೂಫ್ ನಿಮಗೆ ಬೀಳುವುದು, ಸೆಸ್ಸನ್ನೂ ವಿಮೆಯ ಹೆಚ್ಚುವರಿಯನ್ನೂ ಬಿಟ್ಟು, 88,200 ರೂಪಾಯಿಗೆ. ಬೆಲೆ 10 ಲಕ್ಷ ದಾಟಿದರೆ ಶೋರೂಮಿನವರು ಶೇ. 1ರಷ್ಟು ಆದಾಯ ತೆರಿಗೆಯನ್ನೂ ಮುಂಗಡವಾಗಿ ವಸೂಲು ಮಾಡುತ್ತಾರೆ. ಅದನ್ನು ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಕೈಯಿಂದ ಮೊದಲು ಹೋಗುವುದಂತೂ ಹೋಗುತ್ತದೆ. ಆದ್ದರಿಂದ ನೀವು ನೋಡುತ್ತಿರುವ ಎರಡು ವೇರಿಯಂಟುಗಳು 10 ಲಕ್ಷದ ಗೆರೆಯ ಆಚೀಚೆ ಇದ್ದರೆ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆಗಳನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು.

ಸನ್‌ರೂಫಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ನಿಮಗೆ ಅದು ಬೇಡ. ಬೆಂಗಳೂರಿನ ಬಿಸಿಲು, ಧೂಳು, ಮಳೆಮರದ ಕೆಳಗೆ ನಿಲ್ಲಿಸಿದಾಗ ಸುರಿಯುವ ಹೂವು ಮತ್ತು ಅಂಟು, ಇವುಗಳ ನಡುವೆ ಅದು ತೆರೆದಿರುವ ಹೊತ್ತು ಕಡಿಮೆ. ನೀರು ಹೋಗುವ ಸಣ್ಣ ಕೊಳವೆಗಳಲ್ಲಿ ಕಸ ಕಟ್ಟಿದರೆ ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ, ಮತ್ತು ವೀಣೆ ಇರುವ ಕಾರಿನಲ್ಲಿ ತೇವವೂ ಮೇಲಿನಿಂದ ಬೀಳುವ ಶಾಖವೂ ಒಳ್ಳೆಯದಲ್ಲ. ಹಾಗೆಂದು ಮೇಲಿನ ವೇರಿಯಂಟನ್ನೇ ತಳ್ಳಿಹಾಕಬೇಡಿ, ಏಕೆಂದರೆ ನಮ್ಮ ಕಂಪನಿಗಳು ಬೇಕಾದ ಸೌಲಭ್ಯವನ್ನು ಬೇಡದ್ದರ ಜೊತೆ ಕಟ್ಟಿ ಮಾರುವುದರಲ್ಲಿ ನಿಷ್ಣಾತವಾಗಿವೆ. ಯುರೋಪಿನಲ್ಲಿ ಒಂದೊಂದು ಸೌಲಭ್ಯವನ್ನು ಬಿಡಿಬಿಡಿಯಾಗಿ ಗುರುತು ಹಾಕಿ ಕಾರನ್ನು ಮಾಡಿಸಿಕೊಳ್ಳುವ ಪದ್ಧತಿ ಇದೆ. ಇಲ್ಲಿ ಈ ದರದ ಕಾರುಗಳಲ್ಲಿ ವೇರಿಯಂಟನ್ನು ಇಡಿಯಾಗಿ ಒಪ್ಪಬೇಕು, ಇಲ್ಲವೇ ಇಡಿಯಾಗಿ ಬಿಡಬೇಕು. ಆದ್ದರಿಂದ ನಿಮಗೆ ನಿಜವಾಗಿ ಬೇಕಾದವು ಯಾವ ವೇರಿಯಂಟಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆಯೋ ಅಲ್ಲಿಗೇ ನಿಲ್ಲಿ.

ನಿಮಗೆ ಬೇಕಾದವುಗಳಲ್ಲಿ ಮೊದಲನೆಯದು ವಾಹನ ಜಾರದಂತೆ ನಿಯಂತ್ರಿಸುವ ಇಎಸ್‌ಸಿ, ಪಕ್ಕದ ಏರ್‌ಬ್ಯಾಗುಗಳು ಮತ್ತು ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಏರ್‌ಬ್ಯಾಗುಗಳು. ಭಾರ ಹಿಂದೆ ಕೂತಿರುವ ಉದ್ದ ಕಾರು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಒದ್ದೆ ತಿರುವಿನಲ್ಲಿ ಬಾಲ ಬೀಸುವ ಸಾಧ್ಯತೆ ಹೆಚ್ಚು, ಮತ್ತು ಇವನ್ನು ಯಾವ ಅಂಗಡಿಯೂ ಆಮೇಲೆ ಹಾಕಿಕೊಡಲಾರದು. ಎರಡನೆಯದು ಹಿಂಬದಿಯ ಗಾಜಿನ ವೈಪರ್, ವಾಷರ್ ಮತ್ತು ಗಾಜಿನ ಮಂಜು ತೆಗೆಯುವ ಡಿಫಾಗರ್. ಇದನ್ನು ಯಾರೂ ಕೇಳುವುದಿಲ್ಲ. ಆದರೆ ಹಿಂಭಾಗ ನೇರವಾಗಿ ಕತ್ತರಿಸಿದಂತಿರುವ ಕಾರುಗಳಲ್ಲಿ ಗಾಳಿಯ ಸುಳಿಯು ರಸ್ತೆಯ ಕೆಸರನ್ನೆಲ್ಲ ಹಿಂದಿನ ಗಾಜಿಗೆ ಎಳೆದು ತರುವುದರಿಂದ, ಮಳೆಯಲ್ಲಿ ಹಾಸನ ದಾಟುವಷ್ಟರಲ್ಲಿ ಹಿಂದೆ ಏನೂ ಕಾಣದಂತಾಗುತ್ತದೆ. ಮೂರನೆಯದು ಟೈರುಗಳ ಗಾಳಿಯ ಒತ್ತಡವನ್ನು ತೋರಿಸುವ ವ್ಯವಸ್ಥೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಖಾಲಿ ಕಾರಿಗೆ ಒಂದು ಒತ್ತಡ, ಪೂರ್ಣ ಭಾರಕ್ಕೆ ಇನ್ನೊಂದು ಒತ್ತಡ ನಮೂದಾಗಿರುತ್ತದೆ. ಕಛೇರಿಯ ಸಾಮಾನು ತುಂಬಿದ ದಿನ ಎರಡನೆಯದನ್ನು ಪಾಲಿಸಬೇಕು.

ಸ್ಟೆಪ್ನಿಯನ್ನೂ ಕೇಳಿ ನೋಡಿ. ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಲು 2020ರ ನಿಯಮ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಳ್ಳಿಯ ದೇವಸ್ಥಾನದ ಕಛೇರಿ ಮುಗಿಸಿ ರಾತ್ರಿ ಮರಳುವವರಿಗೆ ಪಂಕ್ಚರ್ ಕಿಟ್ ಸಾಲದು, ಟೈರಿನ ಪಕ್ಕ ಹರಿದರೆ ಅದರಿಂದ ಪ್ರಯೋಜನವೇ ಇಲ್ಲ. ಸ್ಟೆಪ್ನಿ ಕಾರಿನ ತಳಕ್ಕೆ ನೇತುಹಾಕಿದ್ದರೆ ಇನ್ನೂ ಉತ್ತಮ. ಡಿಕ್ಕಿಯ ನೆಲದೊಳಗಿದ್ದರೆ ವೀಣೆಯನ್ನು ರಸ್ತೆಬದಿಗೆ ಇಳಿಸಿದ ಮೇಲೆಯೇ ಚಕ್ರ ಕೈಗೆ ಸಿಗುವುದು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಬೆಂಗಳೂರಿನಲ್ಲಿ ಹೆಚ್ಚುವರಿ ಹಣಕ್ಕೆ ದಿನನಿತ್ಯ ಪ್ರತಿಫಲ ಕೊಡುವ ಸೌಲಭ್ಯ ಅದೊಂದೇ ಎಂದರೆ ತಪ್ಪಾಗಲಾರದು. ಆಟೊಮ್ಯಾಟಿಕ್ ಬಗೆಗಳಲ್ಲಿ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ನಿಮಗೆ ಹೊಂದುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸಿನ ಗೇರನ್ನೇ ಯಂತ್ರದಿಂದ ಬದಲಿಸುವ ಎಎಂಟಿ ಅಗ್ಗ, ಆದರೆ ಭಾರ ತುಂಬಿ ಏರು ಹತ್ತುವಾಗ ಎಳೆದೆಳೆದು ಸಾಗುತ್ತದೆ. ಎರಡು ಒಣ ಕ್ಲಚ್ಚುಗಳ ಡಿಸಿಟಿ ಹೆದ್ದಾರಿಯಲ್ಲಿ ಸೊಗಸು. ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ತೆವಳುವಾಗ ಮಾತ್ರ ಅದರ ಕ್ಲಚ್ ಬಿಸಿಯೇರುತ್ತದೆ. ಎಡಾಸ್ ಎಂಬ ಚಾಲಕ ಸಹಾಯ ವ್ಯವಸ್ಥೆಗೆ ಹಣ ಕೊಡಬೇಕೇ ಎಂಬುದು ನಿಮ್ಮ ಹೆದ್ದಾರಿ ಓಡಾಟವನ್ನು ಅವಲಂಬಿಸಿದೆ. 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ನಿಷೇಧವಿರುವ ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಂಧಿ ಬಜಾರಿನಲ್ಲಿ ಮಾತ್ರ, ಎಡಬಲದಿಂದ ನುಗ್ಗುವ ಸ್ಕೂಟರುಗಳನ್ನು ಕಂಡು ಅದು ಬೆಚ್ಚಿಬೀಳುತ್ತಲೇ ಇರುತ್ತದೆ. ಗಾಜಿನ ಮೇಲಿನ ಕ್ಯಾಮೆರಾ, ಬಂಪರಿನೊಳಗಿನ ರೇಡಾರ್ ಇರುವ ಕಾರಿನ ಸಣ್ಣ ಅಪಘಾತಕ್ಕೂ ರಿಪೇರಿಯ ಬಿಲ್ಲು ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತುರ್ತು ಬ್ರೇಕ್ ಸೌಲಭ್ಯ ಅದರಲ್ಲಿದ್ದರೆ, ಬಜೆಟ್ ಒಪ್ಪಿದರೆ, ನಾನು ತೆಗೆದುಕೊಳ್ಳಿ ಎನ್ನುವೆ.

ಇನ್ನು ಆ 45,000 ರೂಪಾಯಿಯ ಪಟ್ಟಿ. ರಿವರ್ಸ್ ಪಾರ್ಕಿಂಗ್ ಸೆನ್ಸರ್ 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ, ಕಾರಿನಲ್ಲಿ ಈಗಾಗಲೇ ಇರುವುದನ್ನು ಮತ್ತೆ ಮಾರುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿ. ಸೀಟ್ ಕವರ್ ಬೇಡ: ಪಕ್ಕದ ಏರ್‌ಬ್ಯಾಗ್ ಮುಂದಿನ ಸೀಟಿನ ಅಂಚಿನಿಂದಲೇ ಹೊರಬರುತ್ತದೆ, ಬಿಗಿಯಾಗಿ ಹೊಲಿದ ಕವರ್ ಅದನ್ನು ತಡೆಯಬಹುದು. ಅಂಡರ್‌ಬಾಡಿ ಕೋಟಿಂಗ್ ಕಡಲ ತೀರದಲ್ಲಿ ಕಾರು ಇಡುವವರಿಗೆ ಅರ್ಥಪೂರ್ಣ. ಆಗಾಗ ಉಡುಪಿಗೆ ಹೋಗಿ ಬಸವನಗುಡಿಗೆ ಮರಳುವ ನಿಮಗೆ ಅದರ ಅವಸರವಿಲ್ಲ. ಸೆರಾಮಿಕ್ ಕೋಟಿಂಗ್ ಹೊರಗಡೆ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಮಡ್ ಫ್ಲ್ಯಾಪ್ ಮತ್ತು ಅಂಚು ಎತ್ತರವಿರುವ ಡಿಕ್ಕಿಯ ರಬ್ಬರ್ ಮ್ಯಾಟ್, ಇವೆರಡನ್ನು ತೆಗೆದುಕೊಳ್ಳಿ.

ರೂಫ್ ಕ್ಯಾರಿಯರ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಲವು ಕಾರುಗಳ ಮೇಲೆ ಕಾಣುವ ರೂಫ್ ರೈಲುಗಳು ಅಲಂಕಾರಕ್ಕೆ ಅಂಟಿಸಿದವು, ಭಾರ ಹೊರಲು ಅಲ್ಲ. ಮಾಲೀಕರ ಕೈಪಿಡಿಯಲ್ಲಿ ಛಾವಣಿಯ ಭಾರದ ಮಿತಿ ಕಿಲೋ ಲೆಕ್ಕದಲ್ಲಿ ಬರೆದಿದ್ದರೆ ಮಾತ್ರ ಕ್ಯಾರಿಯರ್ ಯೋಚಿಸಿ.

ಆ ಪಟ್ಟಿಯಲ್ಲಿಲ್ಲದ, ಆದರೆ ನಿಮಗೆ ಎಲ್ಲಕ್ಕಿಂತ ಅಗತ್ಯವಾದ ವಸ್ತು ಸಾಮಾನು ಬಿಗಿಯುವ ವ್ಯವಸ್ಥೆ. ಸೆಡಾನಿನಲ್ಲಿ ಡಿಕ್ಕಿಗೂ ಪ್ರಯಾಣಿಕರಿಗೂ ನಡುವೆ ಸೀಟಿನ ಗೋಡೆ ಇರುತ್ತದೆ. ಎಸ್ಟೇಟ್ ಮಾದರಿಯಲ್ಲಿ ಸಾಮಾನು ಸೀಟಿನ ಎತ್ತರ ಮೀರಿದರೆ ತಡೆಯಲು ಏನೂ ಇಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದರೆ, 20 ಕಿಲೋದ ಸ್ಪೀಕರ್ ಪೆಟ್ಟಿಗೆ ಆ ಕ್ಷಣಕ್ಕೆ ಸುಮಾರು 280 ಕಿಲೋ ತೂಕದ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಡಿಕ್ಕಿಯ ನೆಲದಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಲೋಹದ ಕೊಂಡಿಗಳಿವೆಯೇ ಎಂದು ಬಗ್ಗಿ ನೋಡಿ. ಇದ್ದರೆ ಗಟ್ಟಿ ಪಟ್ಟಿಗಳನ್ನು ಕೊಂಡು ಭಾರದ ಪೆಟ್ಟಿಗೆಗಳನ್ನು ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ ಕೆಳಗೆ ಕಟ್ಟಿ. ಬುಕಿಂಗಿಗೆ ಮುನ್ನ ವೀಣೆಯ ಪೆಟ್ಟಿಗೆಯನ್ನೇ ಶೋರೂಮಿಗೆ ಕೊಂಡೊಯ್ದು ಇಟ್ಟು ನೋಡುವುದಕ್ಕೆ ಸಂಕೋಚಪಡಬೇಡಿ. ಮಡಚಿದ ಸೀಟು ಪೂರ್ತಿ ಸಮತಟ್ಟಾಗುವುದೋ, ಇಳಿಜಾರಾಗಿಯೇ ಉಳಿಯುವುದೋ ಎಂಬುದು ಕರಪತ್ರದ ಲೀಟರ್ ಲೆಕ್ಕದಿಂದ ತಿಳಿಯುವುದಿಲ್ಲ.

ಪ್ರಶ್ನೆ: ನಾವು ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ. ಹೊಸ ಕಾರಿನ ವಿಮೆಗೆ ಶೋರೂಮಿನವರು ಆರೇಳು ಆಡ್-ಆನ್‌ಗಳನ್ನು, ಅಂದರೆ ಹೆಚ್ಚುವರಿ ರಕ್ಷಣೆಗಳನ್ನು, ಸೇರಿಸಿದ್ದಾರೆ. ಯಾವುದನ್ನು ಇಟ್ಟುಕೊಳ್ಳಬೇಕು?
— ಬೆಳ್ಳಂದೂರಿನ ಓದುಗರು

ಉತ್ತರ: ನಿಮ್ಮ ಭಾಗವನ್ನು ಮುಳುಗಿಸಿದ 2022ರ ಸೆಪ್ಟೆಂಬರಿನ ಮಳೆಯನ್ನು ಕಂಡ ನಿಮಗೆ ಎಂಜಿನ್ ರಕ್ಷಣೆಯ ಆಡ್-ಆನ್ ಬೇಕೇ ಬೇಕು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ರವಾಹದ ಹಾನಿಗೆ ಪರಿಹಾರವಿದ್ದರೂ, ನೀರು ಒಳಸೇರಿದ ಮೇಲೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಅದನ್ನು ಆನುಷಂಗಿಕ ನಷ್ಟವೆಂದು ವಿಮಾ ಕಂಪನಿ ನಿರಾಕರಿಸಬಹುದು. ಆಡ್-ಆನ್ ಇದ್ದರೂ ಮುಳುಗಿದ ಕಾರಿನ ಕೀಲಿ ತಿರುಗಿಸಬೇಡಿ. ಜೀರೊ ಡಿಪ್ರಿಸಿಯೇಷನ್ ಸಹ ಸಾರ್ಥಕ, ಏಕೆಂದರೆ ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಕಡಿತ ಮಾಡುತ್ತಾರೆ, ಇಂದಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ. ಕಾರು ಕಳವಾದರೆ ಅಥವಾ ಪೂರ್ತಿ ನಾಶವಾದರೆ ಬಿಲ್ಲಿನ ಮೊತ್ತ ಸಿಗುವ ರಿಟರ್ನ್ ಟು ಇನ್‌ವಾಯ್ಸ್ ಅನ್ನು ಮೊದಲೆರಡು ವರ್ಷ ಇಟ್ಟುಕೊಳ್ಳಿ. ಕೀಲಿ ಕಳೆದರೆ, ಬ್ಯಾಗು ಕಳೆದರೆ ಎಂಬಂಥವನ್ನು ಬಿಡಿ.

2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ; ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಸಿದರೆ ಸಾಕು. ವಿಮೆಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಹೊರಗಿನ ದರಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟರೆ ಒಳಗಿನ ದರ ಇಳಿಯುವುದುಂಟು. ಹೊರಗಡೆ ಬೆಲೆಬಾಳುವ ಮ್ಯೂಸಿಕ್ ಸಿಸ್ಟಮ್ ಹಾಕಿಸುವುದಾದರೆ ಪಾಲಿಸಿಯಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಿ ಪ್ರೀಮಿಯಂ ಕಟ್ಟಬೇಕು, ಇಲ್ಲದಿದ್ದರೆ ಪರಿಹಾರ ಸಿಗದು.

ಪ್ರಶ್ನೆ: ಶೋರೂಮಿನವರು ಕಪ್ಪು ಸನ್ ಫಿಲ್ಮ್ ಮತ್ತು ಮುಂದಿನ ಸ್ಟೀಲ್ ಗಾರ್ಡ್ ಎರಡನ್ನೂ ಉಚಿತವಾಗಿ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
— ಯಲಹಂಕದ ಓದುಗರು

ಉತ್ತರ: ಬೇಡ. ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50ರಷ್ಟು ಬೆಳಕು ಹಾಯಲೇಬೇಕು. ದಂಡ ಕಟ್ಟುವವರು ನೀವು, ಶೋರೂಮಿನವರಲ್ಲ. ಸ್ಟೀಲ್ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಕಾನೂನಿಗಿಂತ ಮುಖ್ಯವಾದ ಸಂಗತಿಯೆಂದರೆ, ಹೊಡೆತ ಬಿದ್ದಾಗ ಕುಸಿದು ಬಲವನ್ನು ಹೀರಿಕೊಳ್ಳಲೆಂದೇ ರೂಪಿಸಿದ ಮುಂಭಾಗಕ್ಕೆ ಈ ಗಾರ್ಡ್ ಅಡ್ಡಿಯಾಗುತ್ತದೆ, ಏರ್‌ಬ್ಯಾಗಿನ ಸೆನ್ಸರನ್ನೂ ದಾರಿ ತಪ್ಪಿಸಬಹುದು. ಎದುರಿಗೆ ಬರುವ ಪಾದಚಾರಿಗಂತೂ ಅದು ಮಾರಕ. ಆ ಎರಡರ ಬೆಲೆಗೆ ಬದಲಾಗಿ ಒಂದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಕೇಳಿ, ಮತ್ತು ಅವರು ಒಪ್ಪಿದ್ದನ್ನು ಮುಂಗಡ ಕೊಡುವ ಮೊದಲೇ ಬುಕಿಂಗ್ ಫಾರ್ಮಿನಲ್ಲಿ ಬರೆಸಿಕೊಳ್ಳಿ.